ಒಂದೇ ಮೈದಾನ, ನಾಲ್ಕು ವಿ.ವಿ.: ನಮ್ಮ ಹುಡುಗರು ಯಾವ ಗೆರೆಯೊಳಗೆ ಓಡಬೇಕು?

ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಕಾಲೇಜು ಶುರುವಾದದ್ದು 1963ರಲ್ಲಿ. ಕಾಲೇಜು ಊರು ಬಿಟ್ಟು ಕದಲಲಿಲ್ಲ. ಆದರೆ ಅದರ ವಿಶ್ವವಿದ್ಯಾಲಯ ಕದಲುತ್ತಲೇ ಬಂತು. ಮೊದಲು ಧಾರವಾಡದ ಕರ್ನಾಟಕ ವಿ.ವಿ. 1980ರಿಂದ ಗುಲಬರ್ಗಾ ವಿ.ವಿ. 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ. 2023ರಿಂದ ತಳಕಲ್ಲಿನ ಕೊಪ್ಪಳ ವಿ.ವಿ. ಅರವತ್ತು ವರ್ಷದಲ್ಲಿ ನಾಲ್ಕು ಅತ್ತೆ ಮನೆ ಕಂಡ ಸೊಸೆಯ ಕಥೆ ಇದು!

ಹೀಗೆ ವಿ.ವಿ. ಬದಲಾದಾಗಲೆಲ್ಲ ಪೇಪರಿನಲ್ಲಿ ಬರುವುದು ಮೂರೇ ಸುದ್ದಿ. ಕುಲಪತಿ ಯಾರು, ಕಟ್ಟಡ ಎಲ್ಲಿ, ಪರೀಕ್ಷೆ ಯಾವಾಗ. ನಾಲ್ಕನೆಯ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳು ಒಂದರ ಎದುರು ಇನ್ನೊಂದು ನಿಂತು ಆಡುತ್ತಿದ್ದ ಅಂತರ ಕಾಲೇಜು ಕ್ರೀಡಾಕೂಟ ಏನಾಯಿತು?

"ಆಟ ಅಲ್ಲೇನ್ರೀ, ಬಿಡ್ರಿ ಅತ್ಲಾಗ" ಅನ್ನಬೇಡಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಕಡೇ ಬಸ್ಸಿಗೆ ಮನೆಗೆ ಹೋಗುವ ಹುಡುಗನ ಕೈಯಲ್ಲಿ ಏನಿದೆ? ಅಪ್ಪನ ಆಸ್ತಿ ಇಲ್ಲ, ಇಂಗ್ಲಿಷು ಅಷ್ಟಕ್ಕಷ್ಟೆ. ಇರುವುದು ಎರಡು ಕಾಲು. ಪೊಲೀಸ್ ಕಾನ್ಸ್‌ಟೇಬಲ್ ಭರ್ತಿಗೆ ಹೋದರೆ ಗಂಡು ಮಕ್ಕಳಿಗೆ 1600 ಮೀಟರ್ ಓಟ, ಹೆಣ್ಣು ಮಕ್ಕಳಿಗೆ 400 ಮೀಟರ್ ಓಟ, ಜಿಗಿತ, ಗುಂಡು ಎಸೆತ. ಇಲಾಖೆಯಲ್ಲಿ ಕ್ರೀಡಾಪಟುಗಳಿಗೆ ಬೇರೆ ಮೀಸಲಾತಿಯೂ ಇದೆ. ಆ ಮೀಸಲಾತಿಗೆ ಬೇಕಾದದ್ದು ಸರ್ಟಿಫಿಕೇಟು. ಸರ್ಟಿಫಿಕೇಟಿಗೆ ಬೇಕಾದದ್ದು ಕೂಟ. ಕೂಟವೇ ಸೊರಗಿದರೆ ಹುಡುಗ ಎಲ್ಲಿ ಓಡಬೇಕು, ಹೆದ್ದಾರಿ ಮೇಲೇನು?

ಏರಿದ ಕಾಲ

ಹಿಂದಿನದನ್ನು ಸ್ವಲ್ಪ ನೋಡೋಣ. 1956ರ ತನಕ ನಮ್ಮದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ. ಉಸ್ಮಾನಿಯಾ ವಿ.ವಿ.ಯೇ ಆ ಕಡೆಗೆ ದೊಡ್ಡ ದೇವರು. ಡಿಗ್ರಿ ಓದುವವರು ಊರು ಬಿಟ್ಟೇ ಓದಬೇಕಿತ್ತು. ರಾಜ್ಯ ಒಂದಾದ ಮೇಲೆ ನಮ್ಮ ಭಾಗ ಧಾರವಾಡದ ಕರ್ನಾಟಕ ವಿ.ವಿ. ಕೆಳಗೆ ಬಂತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರು ವರ್ಷ ಧಾರವಾಡಕ್ಕೆ ಬಂದ ವಿ.ವಿ. ಅದು. ಬೆಳಗಾವಿಯಿಂದ ಬೀದರದ ತನಕ, ಕಾರವಾರದಿಂದ ರಾಯಚೂರಿನ ತನಕ ಅದರ ಹರವು.

ಅಷ್ಟು ದೊಡ್ಡ ಮನೆಯಲ್ಲಿ ಕೊಪ್ಪಳದಂಥ ಊರಿನ ಕಾಲೇಜು ಅಂದರೆ ಪಂಕ್ತಿಯ ಕಟ್ಟಕಡೆಗೆ ಕೂತ ನೆಂಟ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಾಪುರದ ಹಳೇ ಕಾಲೇಜುಗಳಿಗೆ ಮೈದಾನವಿತ್ತು, ಹಾಸ್ಟೆಲ್ ಇತ್ತು, ಆಟ ಕಲಿಸುವವರಿದ್ದರು. ನಮ್ಮವರಿಗೆ ಇದ್ದದ್ದು ಕರಿಮಣ್ಣಿನ ಬಯಲು ಮತ್ತು ಹೊಲದಲ್ಲಿ ದುಡಿದು ಗಟ್ಟಿಯಾದ ಮೈ. ಗೆದ್ದರೆ ಆಶ್ಚರ್ಯ, ಸೋತರೆ ಸುದ್ದಿಯೇ ಅಲ್ಲ!

1980ರಲ್ಲಿ ಗುಲಬರ್ಗಾ ವಿ.ವಿ. ಬೇರೆಯಾಯಿತು. ಗುಲಬರ್ಗಾ, ಬೀದರ, ರಾಯಚೂರು, ಬಳ್ಳಾರಿ ನಾಲ್ಕು ಜಿಲ್ಲೆ. ಈಗ ಎದುರಿಗೆ ನಿಂತವರು ನಮ್ಮಂಥವರೇ. ಅದೇ ಬಿಸಿಲು, ಅದೇ ಮಣ್ಣು, ಅದೇ ಬಡತನ. ಚಿಕ್ಕ ಊರಿನ ಕಾಲೇಜಿಗೂ ಫೈನಲ್ ತನಕ ಹೋಗುವ ದಾರಿ ಕಂಡದ್ದು ಆವಾಗಲೇ.

ನಮ್ಮ ತಾಲೂಕುಗಳೂ ಬೆಳೆಯುತ್ತಿದ್ದವು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜ ಮಾಡಿತ್ತು. ರೈಸ್ ಮಿಲ್ಲು ಬಂದವು, ದುಡ್ಡು ಬಂತು, ಕಾಲೇಜೂ ಬಂತು. ಕುಷ್ಟಗಿ, ಯಲಬುರ್ಗಾದಲ್ಲಿ ನೀರೂ ತಡ, ಕಾಲೇಜೂ ತಡ. 2007ರ ಸುಮಾರಿಗೆ ಸರಕಾರ ರಾಜ್ಯದ ತುಂಬ ಸಾಲು ಸಾಲಾಗಿ ಪ್ರಥಮ ದರ್ಜೆ ಕಾಲೇಜು ತೆರೆದಾಗ ಡಿಗ್ರಿ ಅನ್ನುವುದು ಹೋಬಳಿ ಊರುಗಳಿಗೂ ಮುಟ್ಟಿತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಗಿತ್ತು. ಅದಕ್ಕೆ ತಕ್ಕ ಜಿಲ್ಲಾ ಕ್ರೀಡಾಂಗಣವೂ ಬಂತು.

ಕೂಟ ಅಂದರೆ ಆಗ ಹೇಗಿತ್ತು? ವಿ.ವಿ.ಯಿಂದ ಸರ್ಕ್ಯುಲರ್ ಬರುತ್ತಿತ್ತು. ಪಿ.ಡಿ. ಸಾಹೇಬರು ಹುಡುಗರನ್ನು ಆರಿಸಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ನೋಡಿ ವಯಸ್ಸು ಬರೆದು, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ಎಂಟ್ರಿ ಕಳಿಸುತ್ತಿದ್ದರು. ಕೆಂಪು ಬಸ್ಸಿನ ಮೇಲೆ ಟ್ರಂಕು, ಒಳಗೆ ಹಾಡು. ಕೂಟ ನಡೆಸುವ ಕಾಲೇಜಿನ ಕ್ಲಾಸ್‌ರೂಮಿನಲ್ಲಿ ಬೆಂಚು ಸರಿಸಿ, ಜಮಖಾನೆ ಹಾಸಿ ಮಲಗುವುದು. ಬೆಳಗಾದರೆ ಮೈದಾನಕ್ಕೆ ಸುಣ್ಣದ ಗೆರೆ. ಮೊದಲು ಪಥಸಂಚಲನ, ಆಮೇಲೆ ಓಟ, ಜಿಗಿತ, ಎಸೆತ, ಕಡೆಗೆ ರಿಲೇ. ರಿಲೇ ಹೊತ್ತಿಗೆ ಊರ ಮಂದಿಯೂ ಬಂದು ನಿಲ್ಲುತ್ತಿದ್ದರು, ಏಕೆಂದರೆ ಅದು ಒಬ್ಬನ ಓಟವಲ್ಲ, ಊರಿನ ಓಟ. "ಕೊಪ್ಪಳ ಬಂತು!" "ಗಂಗಾವತಿ ಬಂತು!" ಅಂತಲೇ ಕೂಗು. ಹುಡುಗನ ಹೆಸರು ಯಾರಿಗೆ ಗೊತ್ತು, ಊರಿನ ಹೆಸರು ಸಾಕು.

ಇದೇ ನೋಡಿ ಚಿಕ್ಕ ಕಾಲೇಜುಗಳ ಕೂಟದ ಜೀವಾಳ. ಎದುರಾಳಿ ಹತ್ತಿರದವನಾಗಿರಬೇಕು. ನಾಳೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮುಖಾಮುಖಿ ಆಗುವವನಾಗಿರಬೇಕು. ಹೋದ ವರ್ಷ ಸೋತ ಸೇಡು ಈ ವರ್ಷ ತೀರಿಸಿಕೊಳ್ಳುವ ಹಾಗಿರಬೇಕು. ಅದಕ್ಕೆ ಬೇಕಾದದ್ದು ದೊಡ್ಡ ಸ್ಟೇಡಿಯಂ ಅಲ್ಲ. ವರ್ಷ ವರ್ಷವೂ ಅದೇ ಎದುರಾಳಿ, ಅದೇ ಲೆಕ್ಕ ಮುಂದುವರಿಯುವುದು.

ಇಳಿದ ಕಾಲ

ಆ ಲೆಕ್ಕವೇ ಹರಿದು ಹೋಗುತ್ತ ಬಂತು. 2010ರಲ್ಲಿ ಬಳ್ಳಾರಿ ಮತ್ತು ಕೊಪ್ಪಳ ಎರಡೇ ಜಿಲ್ಲೆ ಸೇರಿಸಿ ವಿ.ವಿ. ಮಾಡಿದರು. ಗಂಗಾವತಿಯ ನೆರೆಮನೆ ಸಿಂಧನೂರು ಗುಲಬರ್ಗಾದಲ್ಲೇ ಉಳಿಯಿತು. ಕುಷ್ಟಗಿಯ ನೆರೆಮನೆ ಲಿಂಗಸುಗೂರು ಅಲ್ಲೇ ಉಳಿಯಿತು. ನಿನ್ನೆ ತನಕ ಪಂದ್ಯ ಆಡಿದವರು ಇವತ್ತು ಬೇರೆ ಪಂಗಡ! ಮುಂದೆ ರಾಯಚೂರಿಗೂ ಬೇರೆ ವಿ.ವಿ. ಬಂದು ರಾಯಚೂರು, ಯಾದಗಿರಿ ಜಿಲ್ಲೆಗಳು ಅದರ ಪಾಲಾದವು. 2023ರಲ್ಲಿ ಕೊಪ್ಪಳ ಒಂದೇ ಜಿಲ್ಲೆಗೆ ಒಂದು ವಿ.ವಿ. ಆಯಿತು. ಲೆಕ್ಕ ಹಾಕಿ: ನಾಲ್ಕು ಜಿಲ್ಲೆಯ ಕೂಟ ಎರಡಾಯಿತು, ಎರಡಿದ್ದದ್ದು ಒಂದಾಯಿತು.

ಇಷ್ಟೇ ಆಗಿದ್ದರೆ ಒಂದು ಮಾತು. ಊರೊಳಗೇ ಪಾಲು ಬಿದ್ದಿದೆ. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿ.ವಿ. ಆಯಿತು. ಈಗ ಅದಕ್ಕೆ ಅಕ್ಕಮಹಾದೇವಿ ಹೆಸರು. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದರ ಅಡಿ ಹೋದವು. ಅಕ್ಕ ಮಹಿಳಾ ಕಾಲೇಜು, ತಂಗಿ ಕೂಡು ಕಾಲೇಜು ಅಂದರೆ ಒಂದೇ ಮನೆಯ ಇಬ್ಬರು ಬೇರೆ ಬೇರೆ ವಿ.ವಿ. ಕೂಟದಲ್ಲಿ ಓಡಬೇಕು. ಎಂಜಿನಿಯರಿಂಗ್ ಹುಡುಗ ಬೆಳಗಾವಿಯ ವಿ.ಟಿ.ಯು.ಗೆ. 2015ರಲ್ಲಿ ಕೊಪ್ಪಳಕ್ಕೆ ಬಂದ ಮೆಡಿಕಲ್ ಕಾಲೇಜಿನವನು ಬೆಂಗಳೂರಿನ ರಾಜೀವ್ ಗಾಂಧಿ ವಿ.ವಿ.ಗೆ. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನವನು ಬಾಗಲಕೋಟೆಗೆ. ಒಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಐದು ಮಂದಿಗೆ ಐದು ಕೂಟ. ಒಬ್ಬರ ಎದುರು ಒಬ್ಬರು ಓಡುವ ಹಾಗೇ ಇಲ್ಲ!

ಇನ್ನೊಂದು ಸೂಕ್ಷ್ಮ ನೋಡಿ. ಪ್ರೈಮರಿ, ಹೈಸ್ಕೂಲು ಮಕ್ಕಳ ಕ್ರೀಡಾಕೂಟಕ್ಕೆ ಈ ಗೋಳಿಲ್ಲ. ಅಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಇದೆ. ಪಿ.ಯು.ಸಿ.ಗೂ ಜಿಲ್ಲಾ ಮಟ್ಟ ಇದೆ. ದಸರಾ ಕೂಟಕ್ಕೂ ತಾಲೂಕು, ಜಿಲ್ಲೆಯ ಮೆಟ್ಟಿಲೇ. ಹದಿನೆಂಟು ವರ್ಷದ ತನಕ "ನಾನು ಕೊಪ್ಪಳ ಜಿಲ್ಲೆ" ಅಂತ ಎದೆ ಮೇಲೆ ಬರೆದುಕೊಂಡು ಓಡಿದ ಹುಡುಗಿ, ಡಿಗ್ರಿಗೆ ಬಂದ ಕೂಡಲೇ ಜಿಲ್ಲೆ ಕಳಕೊಳ್ಳುತ್ತಾಳೆ. ಮೈಯಲ್ಲಿ ಕಸುವು ತುಂಬುವ ವಯಸ್ಸಿಗೇ ಮೆಟ್ಟಿಲು ಅಲುಗಾಡುತ್ತದೆ.

ದಾಖಲೆಗಳ ಗತಿ ಇನ್ನೂ ಕೆಟ್ಟದ್ದು. ಕೂಟದ ದಾಖಲೆ ಅನ್ನುವುದು ಆಯಾ ವಿ.ವಿ.ಯ ಆಸ್ತಿ. ಹೊಸ ವಿ.ವಿ. ಬಂದರೆ ಹೊಸ ಪುಸ್ತಕ, ಮೊದಲ ವರ್ಷ ಗೆದ್ದವನದೇ ದಾಖಲೆ! ಎಪ್ಪತ್ತರ ದಶಕದಲ್ಲಿ ಓಡಿದ ಅಜ್ಜನ ಲೆಕ್ಕ ಧಾರವಾಡದಲ್ಲಿ, ತೊಂಬತ್ತರಲ್ಲಿ ಓಡಿದ ಅಪ್ಪನದು ಗುಲಬರ್ಗಾದಲ್ಲಿ, ಅಣ್ಣನದು ಬಳ್ಳಾರಿಯಲ್ಲಿ, ತಮ್ಮನದು ತಳಕಲ್ಲಿನಲ್ಲಿ. ಗವಿಮಠದ ಊರಿನ ಹುಡುಗನೊಬ್ಬ ಅತಿ ವೇಗವಾಗಿ ಓಡಿದ್ದು ಯಾವಾಗ, ಎಷ್ಟು ಸೆಕೆಂಡಿಗೆ ಅಂತ ಕೇಳಿದರೆ ಹೇಳಲು ಒಂದು ಹಾಳೆ ಜಿಲ್ಲೆಯೊಳಗೆ ಇರಬೇಕಲ್ಲವೇ?

ಇದ್ದದ್ದನ್ನು ಇದ್ದ ಹಾಗೆ

ಗಡಿ ಚಿಕ್ಕದಾದದ್ದರಿಂದ ಬರೀ ನಷ್ಟ ಅಂತ ಹೇಳಿದರೆ ಅದು ಪೂರ್ತಿ ಸತ್ಯವಲ್ಲ. ಒಂದು ವಿ.ವಿ.ಗೆ ಕಬಡ್ಡಿ ತಂಡ ಅಂದರೆ ಹನ್ನೆರಡು ಮಂದಿ. ನಾಲ್ಕು ಜಿಲ್ಲೆಯಿಂದ ಹನ್ನೆರಡು ಆರಿಸುವಾಗ ಯಲಬುರ್ಗಾದವನಿಗೆ ಜಾಗ ಸಿಗುವುದು ಕಷ್ಟ. ಒಂದೇ ಜಿಲ್ಲೆಯಿಂದ ಆರಿಸಿದರೆ ಜಾಗ ಸಿಕ್ಕೀತು. ವಿ.ವಿ. ಹೆಸರಿನ ಜೆರ್ಸಿ ತೊಟ್ಟು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೊರ ರಾಜ್ಯಕ್ಕೂ ಹೋಗಿ ಬಂದಾನು. ದಾರಿಯೂ ಹತ್ತಿರ. ಗುಲಬರ್ಗಾಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಕೂತು ಹೋಗಿ, ಮೈ ನೋವಿನಲ್ಲೇ ಮರುದಿನ ಓಡಬೇಕಿತ್ತು. ತಳಕಲ್ಲಿಗೆ ಬೆಳಗಿನ ಬಸ್ಸು ಹಿಡಿದು ಸಂಜೆಗೆ ಮನೆ ಸೇರಬಹುದು. ಹೆಣ್ಣು ಮಕ್ಕಳನ್ನು ರಾತ್ರಿ ಹೊರಗೆ ಕಳಿಸಲು ಹಿಂಜರಿಯುವ ತಂದೆ ತಾಯಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ತಂಡದಲ್ಲಿ ಜಾಗ ಸಿಕ್ಕರೆ ಸಾಕೇ? ಹೊರಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದರೆ ಏನು ಬಂತು? ಗಟ್ಟಿ ಎದುರಾಳಿ ಇಲ್ಲದೆ ಗಟ್ಟಿ ಆಟಗಾರ ಹುಟ್ಟುವುದಿಲ್ಲ. ಹೊಸ ವಿ.ವಿ.ಗೆ ಸ್ವಂತ ಮೈದಾನ, ತರಬೇತುದಾರರು, ಕ್ರೀಡಾ ನಿಧಿ ಎಲ್ಲವೂ ಹೊಸದಾಗಿ ಆಗಬೇಕು. ತಳಕಲ್ಲಿನಲ್ಲಿ ಅದು ಶುರುವಾದದ್ದೇ ಸರಕಾರಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ. ಹುಟ್ಟಿ ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿ.ವಿ.ಗಳನ್ನು ಮುಚ್ಚುವ ಮಾತು ಎತ್ತಿತು. ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಹಣವಿಲ್ಲ, ಕಾಲೇಜುಗಳ ಸಂಖ್ಯೆ ಕಡಿಮೆ ಅನ್ನುವುದು ಕಾರಣ. ಕಾಲೇಜುಗಳು ಹೆಚ್ಚಿದ್ದ ಬೀದರ ವಿ.ವಿ.ಯನ್ನು ಮಾತ್ರ ಉಳಿಸುವುದು ಎಂದಾಯಿತು. ಮನೆ ಇರುತ್ತದೋ ಬೀಳುತ್ತದೋ ಅನ್ನುವಾಗ ಅಂಗಳಕ್ಕೆ ಯಾರು ನೀರು ಚಿಮುಕಿಸುತ್ತಾರೆ?

ಮಂಗಳೂರಿನವರು ಏನು ಮಾಡಿದರು?

ಗುಲಬರ್ಗಾ ವಿ.ವಿ. ಹುಟ್ಟಿದ 1980ರಲ್ಲೇ ಮಂಗಳೂರು ವಿ.ವಿ.ಯೂ ಹುಟ್ಟಿತು. ಅವಳಿ ಜವಳಿ ಅನ್ನಿ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದದ್ದು ಮೂಡಬಿದಿರೆಯಲ್ಲಿ. ಸಮಗ್ರ ಪ್ರಶಸ್ತಿ ಮಂಗಳೂರು ವಿ.ವಿ.ಗೆ. ಮೂಡಬಿದಿರೆ ಅಂದರೆ ಬೆಂಗಳೂರಲ್ಲ, ಮೈಸೂರಲ್ಲ, ಒಂದು ತಾಲೂಕು ಊರು!

ಅಲ್ಲಿ ಆಳ್ವಾಸ್‌ನಂಥ ಖಾಸಗಿ ಸಂಸ್ಥೆ ಆಟಗಾರರಿಗೆ ಊಟ, ವಸತಿ, ಓದು ಪುಕ್ಕಟೆ ಕೊಟ್ಟು ದತ್ತು ತೆಗೆದುಕೊಳ್ಳುತ್ತದೆ. ರಾಜ್ಯದ ಬೇರೆ ಬೇರೆ ಜಿಲ್ಲೆಯ ಮಕ್ಕಳು ಅಲ್ಲಿಗೆ ಹೋಗಿ ಸೇರುತ್ತಾರೆ. ನಮ್ಮಲ್ಲಿ ಅಷ್ಟು ದುಡ್ಡಿನ ಸಂಸ್ಥೆ ಇಲ್ಲ, ನಿಜ. ಆದರೆ ಇನ್ನೊಂದು ಕಾರಣವನ್ನೂ ನೋಡಬೇಕು. ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಕಾಲೇಜುಗಳು ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ವಿ.ವಿ. ಕೆಳಗೆ ಕೂಡಿ ಆಡಿದವು. 2023ರಲ್ಲಿ ಕೊಡಗು ಬೇರೆಯಾಗುವ ತನಕ ಆ ಗಡಿ ಮುಟ್ಟಿದವರಿಲ್ಲ. ಅಷ್ಟು ದಿನ ಒಂದೇ ಎದುರಾಳಿ, ಒಂದೇ ದಾಖಲೆ ಪುಸ್ತಕ. ದುಡ್ಡು ಬಂದಾಗ ಅದಕ್ಕೆ ನಿಲ್ಲಲು ನೆಲ ಸಿದ್ಧವಿತ್ತು.

ಸಿರಿವಂತ ಅಮೆರಿಕೆಯಲ್ಲೂ ಕೂಟ ಒಡೆಯುವುದುಂಟು. ಅಲ್ಲಿ ಕಾಲೇಜುಗಳು ತಾವೇ ಗುಂಪು ಕಟ್ಟಿಕೊಂಡು ಆಡುತ್ತವೆ. ಪಶ್ಚಿಮ ಕರಾವಳಿಯ ಅಂಥದೊಂದು ಗುಂಪು 1915ರಲ್ಲಿ ಹುಟ್ಟಿದ್ದು. ಬೆಳೆದು ಹನ್ನೆರಡು ಸದಸ್ಯರಾಗಿ 'ಪ್ಯಾಕ್-12' ಅನ್ನಿಸಿಕೊಂಡಿತ್ತು. ಟೀವಿ ಹಣದ ಆಸೆಗೆ 2024ರಲ್ಲಿ ಹನ್ನೆರಡರಲ್ಲಿ ಹತ್ತು ಬಿಟ್ಟು ಹೋದವು. ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಅವು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಹೊಸ ಸದಸ್ಯರನ್ನು ಕರೆದು ಮತ್ತೆ ಕೂಟ ಕಟ್ಟಲು ಹೊರಟವು. ಅಲ್ಲಿ ಒಡೆದವರೂ ಕಾಲೇಜಿನವರೇ, ಕಟ್ಟಿದವರೂ ಕಾಲೇಜಿನವರೇ. ನಮ್ಮಲ್ಲಿ ಒಡೆಯುವುದು ವಿಧಾನಸೌಧ. ಕಟ್ಟುವುದಕ್ಕೂ ವಿಧಾನಸೌಧವನ್ನೇ ಕಾಯುತ್ತ ಕೂತರೆ ಹುಡುಗರು ಮುದುಕರಾಗುತ್ತಾರೆ.

ಜಾತ್ರೆಯಿಂದ ಕಲಿಯಿರಿ

ನಮ್ಮ ಊರಿಗೆ ಹೊರಗಿನ ಬುದ್ಧಿ ಬೇಕಿಲ್ಲ. ಗವಿಸಿದ್ಧೇಶ್ವರನ ಜಾತ್ರೆ ನೋಡಿ. ನಿಜಾಮ ಹೋದ, ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಎಷ್ಟೋ ಸರಕಾರ ಬಂದು ಹೋದವು. ಬನದ ಹುಣ್ಣಿಮೆ ಮುಗಿದ ಮೇಲೆ ತೇರು ಎಳೆಯುವುದು ನಿಂತಿತೇ? ಲಕ್ಷಗಟ್ಟಲೆ ಮಂದಿ ಯಾರ ಸರ್ಕ್ಯುಲರಿಗೆ ಕಾಯುತ್ತಾರೆ? ತಿಥಿ ಗೊತ್ತು, ಜಾಗ ಗೊತ್ತು, ಯಾರ ಮನೆಯ ರೊಟ್ಟಿ ಯಾವಾಗ ಬರಬೇಕು ಅನ್ನುವುದೂ ಗೊತ್ತು. ಹಳ್ಳಿ ಜಾತ್ರೆಗಳ ಕುಸ್ತಿ, ಗುಂಡು ಎತ್ತುವುದು, ಚೀಲ ಎತ್ತುವುದು ನಡೆದು ಬಂದದ್ದೂ ಹೀಗೆಯೇ. ದಿನ ನಿಂತರೆ ಕೂಟ ನಿಲ್ಲುತ್ತದೆ.

ಅದಕ್ಕೇ ಈ ಪತ್ರಿಕೆಯ ಮಾತು ಇಷ್ಟು. ವಿ.ವಿ. ಉಳಿಯಲಿ, ವಿಲೀನವಾಗಲಿ, ಇನ್ನೊಂದು ಬರಲಿ. ಉಳಿಸಿಕೊಳ್ಳಲು ಹೋರಾಡುವವರು ಹೋರಾಡಲಿ, ನಮ್ಮ ವಿರೋಧವಿಲ್ಲ. ಆದರೆ ನಮ್ಮ ಕಾಲೇಜುಗಳ ಕೂಟವನ್ನು ವಿ.ವಿ. ಗಡಿಗೆ ಕಟ್ಟಿ ಹಾಕಬೇಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೇ ತಾಲೂಕು, ಅವುಗಳಿಂದ ಬೇರೆಯಾದ ಕುಕನೂರು, ಕಾರಟಗಿ, ಕನಕಗಿರಿ, ಈ ಏಳೂ ಕಡೆಯ ಕಾಲೇಜುಗಳು ಕೂಡಿ ಒಂದು ವಾರ್ಷಿಕ ಕೂಟ ಕಟ್ಟಲಿ. ಹೇಗೆ ಅಂತ ಕೇಳುವವರಿಗೆ ಹೇಳುತ್ತೇವೆ.

ಒಂದು: ದಿನ ಗೊತ್ತು ಮಾಡಿ. ಹಿಂಗಾರಿ ಬಿತ್ತನೆ ಮುಗಿದು, ಸೆಮಿಸ್ಟರ್ ಪರೀಕ್ಷೆ ಇನ್ನೂ ದೂರವಿರುವ ಎರಡು ದಿನ ಹುಡುಕಿ. ಪ್ರತಿ ವರ್ಷ ಅದೇ ದಿನ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸರದಿ ಪ್ರಕಾರ ಕೂಟ ನಡೆಸಲಿ. ನಾಲ್ಕು ವರ್ಷಕ್ಕೊಮ್ಮೆ ನಮ್ಮೂರಿನ ಪಾಳಿ ಬರುತ್ತದೆ ಅಂದರೆ ಆ ಊರಿನ ಮೈದಾನಕ್ಕೆ ತಾನಾಗಿ ಕಾಳಜಿ ಬರುತ್ತದೆ.

ಎರಡು: ಯಾವ ವಿ.ವಿ. ಅಂತ ಕೇಳಬೇಡಿ. ಮಹಿಳಾ ಕಾಲೇಜು, ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಬಿ.ಇಡಿ. ಎಲ್ಲರೂ ಬರಲಿ. ವಿ.ವಿ. ಕೂಟಕ್ಕೆ ಹೋಗುವವರು ಅಲ್ಲಿಗೂ ಹೋಗಲಿ, ಇಲ್ಲಿಗೂ ಬರಲಿ.

ಮೂರು: ದಾಖಲೆ ಪುಸ್ತಕ ಒಂದೇ ಇರಲಿ, ಅದು ಜಿಲ್ಲೆಯಲ್ಲೇ ಇರಲಿ. ಧಾರವಾಡ, ಗುಲಬರ್ಗಾ, ಬಳ್ಳಾರಿಯಲ್ಲಿ ಉಳಿದಿರುವ ಹಳೇ ಫಲಿತಾಂಶಗಳನ್ನು ಬರೆದು ತರಿಸಿ. ಹಳೇ ವಿದ್ಯಾರ್ಥಿಗಳ ಮನೆಯ ಗೋಡೆ ಮೇಲೆ ಸರ್ಟಿಫಿಕೇಟು, ಕಪಾಟಿನಲ್ಲಿ ಮೆಡಲ್ ಇದ್ದೇ ಇರುತ್ತವೆ. ಅವರನ್ನು ಕರೆದು ಕೂರಿಸಿ ಬರೆಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ನಾಲ್ಕು: ಪ್ರತಿ ವಿದ್ಯಾರ್ಥಿಯಿಂದ ಪ್ರವೇಶದ ಹೊತ್ತಿಗೆ ಕ್ರೀಡಾ ಶುಲ್ಕ ತೆಗೆದುಕೊಳ್ಳುತ್ತಾರೆ. ಒಂದು ಭಾಗ ವಿ.ವಿ.ಗೆ, ಒಂದು ಭಾಗ ಕಾಲೇಜಿಗೆ. ಕಾಲೇಜಿನ ಭಾಗ ಯಾವುದಕ್ಕೆ ಖರ್ಚಾಯಿತು ಅಂತ ನೋಟಿಸ್ ಬೋರ್ಡಿಗೆ ಹಚ್ಚಿ. ಶೂ ಇಲ್ಲದೆ ಬರಿಗಾಲಲ್ಲಿ ಓಡುವ ಹುಡುಗಿಗೂ ತನ್ನ ದುಡ್ಡಿನ ಲೆಕ್ಕ ಕೇಳುವ ಹಕ್ಕಿದೆ.

ಐದು: ಪಿ.ಡಿ. ಹುದ್ದೆ ಖಾಲಿ ಇರುವ ಕಾಲೇಜಿನಲ್ಲಿ ಆಟ ಅನಾಥ. ಗಣಿತದ ಮೇಷ್ಟರಿಗೋ, ಕನ್ನಡದ ಮೇಷ್ಟರಿಗೋ ಸೀಟಿ ಕೊಟ್ಟು "ನೀವೇ ನೋಡ್ಕೊಳ್ರಿ" ಅಂದರೆ ಆಗದು. ಕಾಯಂ ನೇಮಕ ಆಗುವ ತನಕ ಹತ್ತಿರದ ಎರಡು ಮೂರು ಕಾಲೇಜು ಸೇರಿ ಒಬ್ಬರನ್ನು ಹಂಚಿಕೊಳ್ಳಲಿ. 371(ಜೆ) ಬಂದ ಮೇಲೆ ನೇಮಕಾತಿಯಲ್ಲಿ ನಮ್ಮ ಭಾಗಕ್ಕೆ ಬೇರೆ ಪಾಲು ಇದೆ. ಶಾಸಕರು ಆ ಪಾಲಿನಲ್ಲಿ ಪಿ.ಡಿ. ಹುದ್ದೆಗಳನ್ನೂ ಕೇಳಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ ಆಗಬಾರದು.

ಅಂಗಡಿಯವರಿಗೆ, ಬಸ್ಸಿನವರಿಗೆ ಒಂದು ಮಾತು

ಅಂಗಡಿ ಮುಂಗಟ್ಟಿನವರು ಕೇಳಬಹುದು: "ಇದರಾಗ ನಮ್ಮದೇನೈತ್ರಿ?" ಸ್ವಾಮಿ, ಎರಡು ದಿನ ಊರಿಗೆ ಏಳು ತಾಲೂಕಿನ ಹುಡುಗರು ಬಂದರೆ ಚಹಾ ಅಂಗಡಿ, ಖಾನಾವಳಿ, ಚಪ್ಪಲಿ ಅಂಗಡಿ, ಹಣ್ಣಿನ ಗಾಡಿ ಯಾರದು? ನಿಮ್ಮದೇ. ವರ್ಷ ವರ್ಷ ಕ್ರಿಕೆಟ್ ಟೂರ್ನಮೆಂಟಿಗೆ ಚಂದಾ ಕೇಳಲು ಬಂದವರಿಗೆ ಆಳೆತ್ತರದ ಕಪ್ಪು ಕೊಡಿಸುತ್ತೀರಿ. ಕಪ್ಪು ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಅದೇ ದುಡ್ಡಿಗೆ ನಾಲ್ಕು ಜೊತೆ ಓಟದ ಶೂ ಬರುತ್ತದೆ, ಒಂದು ತಂಡಕ್ಕೆ ಎರಡು ಹೊತ್ತು ಊಟ ಆಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ. ಗಿಣಿಗೇರಿ ಸುತ್ತಿನ ದೊಡ್ಡ ಕಾರ್ಖಾನೆಗಳನ್ನೂ ಬಿಡಬೇಡಿ. 2013ರ ಕಂಪನಿ ಕಾಯ್ದೆ ಪ್ರಕಾರ ಲಾಭದ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಹೋಗಬೇಕು. ಗ್ರಾಮೀಣ ಕ್ರೀಡೆಯ ತರಬೇತಿಯೂ ಆ ಪಟ್ಟಿಯಲ್ಲಿದೆ. ಹೊಗೆ ಕುಡಿಯುವವರು ನಾವು, ಓಡಲು ಒಂದು ಟ್ರ್ಯಾಕು ಕೇಳಿದರೆ ತಪ್ಪೇನು?

ಇನ್ನು ಬಸ್ಸು. ನಮ್ಮ ಕಾಲೇಜು ಹುಡುಗರು ಮೈದಾನಕ್ಕೆ ಇಳಿಯದಿರುವುದಕ್ಕೆ ಸೋಮಾರಿತನವೇ ಕಾರಣ ಅಂತ ಬೈಯುವವರು ಒಮ್ಮೆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಲಿ. ಅಭ್ಯಾಸ ಮಾಡುವ ಹೊತ್ತು ಬೆಳಗಿನ ಆರು, ಇಲ್ಲವೆ ಸಂಜೆ ಐದು. ಬೆಳಗಿನ ಆರಕ್ಕೆ ಹಳ್ಳಿಯಿಂದ ಬಸ್ಸು ಹೊರಟಿರುವುದಿಲ್ಲ. ಸಂಜೆ ಐದಕ್ಕೆ ಓಟ ಶುರು ಮಾಡಿದರೆ ಊರಿನ ಕಡೇ ಬಸ್ಸು ತಪ್ಪುತ್ತದೆ. ಹೆಣ್ಣು ಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಒಳ್ಳೆಯದಾಯಿತು. ಕೂಟಕ್ಕೆ ಕಳಿಸಲು ಬಸ್ ಚಾರ್ಜಿಗೆ ದುಡ್ಡಿಲ್ಲ ಅನ್ನುವ ಮಾ​ತು ಹೋಯಿತು. 2025ರ ಮೇ 15ರಂದು ತಳಕಲ್ಲಿನಿಂದ ಕುಷ್ಟಗಿಗೆ ರೈಲೂ ಬಂತು. ದಾರಿಗಳು ಹತ್ತಿರವಾಗಿವೆ. ಸಾರಿಗೆ ಸಂಸ್ಥೆಯವರು ಕಾಲೇಜಿರುವ ಊರುಗಳಿಂದ ಹಳ್ಳಿ ಕಡೆಯ ಕಡೇ ಬಸ್ಸನ್ನು ವಾರದಲ್ಲಿ ಎರಡು ದಿನ ಒಂದು ತಾಸು ತಡವಾಗಿ ಬಿಟ್ಟರೆ, ಯಾವ ಕೋಚೂ ಮಾಡಲಾಗದ ಕೆಲಸ ಆಗುತ್ತದೆ. ಖರ್ಚು? ಒಂದು ತಾಸು ಡ್ರೈವರ್ ಕಾಯುವುದು, ಅಷ್ಟೇ.

ಸಂಬಂಧಪಟ್ಟವರು ಕೇಳಿಸಿಕೊಳ್ಳಲಿ

ವಿ.ವಿ. ಬೇಕೋ ಬೇಡವೋ ಅಂತ ಬೆಂಗಳೂರಿನಲ್ಲಿ ಕಡತ ಓಡಾಡುತ್ತಿರಲಿ. ಕಡತಕ್ಕೆ ವಯಸ್ಸಾಗುವುದಿಲ್ಲ, ಓಟಗಾರನಿಗೆ ಆಗುತ್ತದೆ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಇಪ್ಪತ್ತೈದು ವರ್ಷದ ಗಡಿ ಇದೆ. ಡಿಗ್ರಿ ಹುಡುಗನಿಗೆ ಸಿಗುವುದು ಮೂರೇ ಮೂರು ಸೀಜನ್. ಕೊರೋನಾ ಕಾಲದಲ್ಲಿ ಮೈದಾನಕ್ಕೆ ಬೀಗ ಬಿದ್ದಾಗ ಒಂದು ಪೀಳಿಗೆ ಆ ಸೀಜನ್‌ಗಳನ್ನು ಕಳಕೊಂಡಿತು. ಅವರಿಗೆ ಅದನ್ನು ಯಾರೂ ಮರಳಿ ಕೊಡಲಿಲ್ಲ. ಗಡಿ ಜಗಳದಲ್ಲಿ ಇನ್ನೊಂದು ಪೀಳಿಗೆ ಹಾಗೆ ಹೋಗಬಾರದು.

ನಾಲ್ಕು ತಾಲೂಕಿನ ಪ್ರಿನ್ಸಿಪಾಲರು ಒಂದು ಮಧ್ಯಾಹ್ನ ಒಂದೆಡೆ ಕೂತು ಚಹಾ ಕುಡಿದರೆ ಈ ಕೂಟದ ದಿನ ಗೊತ್ತಾಗುತ್ತದೆ. ಜಿಲ್ಲಾಧಿಕಾರಿಗಳು ಜಿಲ್ಲಾ ಕ್ರೀಡಾಂಗಣವನ್ನು ಎರಡು ದಿನ ಬಿಟ್ಟುಕೊಟ್ಟರೆ ಮೊದಲ ವರ್ಷದ ಜಾಗ ಗೊತ್ತಾಗುತ್ತದೆ. ಸುಣ್ಣ, ಹಗ್ಗ, ಸೀಟಿ ಪೇಟೆಯಲ್ಲೇ ಸಿಗುತ್ತವೆ. ಓಡುವವರು ಇಲ್ಲೇ ಇದ್ದಾರೆ, ನೋಡುವವರೂ ಇಲ್ಲೇ ಇದ್ದಾರೆ. ಕರೆಯುವವರು ಯಾರು ಅನ್ನುವುದಷ್ಟೇ ಬಾಕಿ. ಯಾವ ಊರಿನ ಪ್ರಿನ್ಸಿಪಾಲರು ಮೊದಲು ಕರೆಯುತ್ತಾರೋ, ಆ ಊರಿನ ಹೆಸರನ್ನು ಇದೇ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.